ಹದಿನೈದು ನಿಮಿಷದ ಸಾಕ್ಷಿಗಳು

ಇದು ನಡೆದ ಕಥೆ. ನಡೆದದ್ದು ಮಾತ್ರವಲ್ಲ, ಕೆಲವು ಕಡೆ ಓಡಿದೆ, ಒಂದೆರಡು ಕಡೆ ಎಡವಿಯೂ ಬಿದ್ದಿದೆ. ಸುಳ್ಳೆಂದು ಯಾರಿಗಾದರೂ ಅನ್ನಿಸಿದರೆ ನನ್ನ ಬಳಿ ನಲವತ್ತೊಂದು ಜನರ ಸಹಿಯಿದೆ, ತೋರಿಸುತ್ತೇನೆ. ಆ ಸಹಿಗಳನ್ನು ನೋಡಿದ ಮೇಲೆ ನಿಮಗೆ ಸತ್ಯದ ಮೇಲೆ ಉಳಿದಿರುವ ಅಲ್ಪಸ್ವಲ್ಪ ನಂಬಿಕೆಯೂ ಹೊರಟುಹೋದರೆ ಮಾತ್ರ ನಾನು ಜವಾಬ್ದಾರನಲ್ಲ.

ನನ್ನ ಚಿಕ್ಕಪ್ಪ ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತಮೂರು ವರ್ಷ ಇನ್‌ಸ್ಪೆಕ್ಟರ್ ಆಗಿದ್ದು ನಿವೃತ್ತರಾದವರು. ತೂಕದ ಮನುಷ್ಯ. ಅಂಗಡಿಗಳ ತಕ್ಕಡಿ, ತೂಕದ ಬಟ್ಟು, ಲೀಟರು, ಮೀಟರು ಎಲ್ಲವನ್ನೂ ಪರೀಕ್ಷಿಸಿ, ಸರಿಯಿದ್ದರೆ ಮುದ್ರೆ ಒತ್ತುವುದು, ಇಲ್ಲದಿದ್ದರೆ ಮುಟ್ಟುಗೋಲು ಹಾಕಿಕೊಳ್ಳುವುದು ಅವರ ಕೆಲಸವಾಗಿತ್ತು. ನಿವೃತ್ತಿಯ ದಿನ ಇಲಾಖೆ ಅವರನ್ನು ಬಿಟ್ಟಿತು. ಅವರು ಇಲಾಖೆಯನ್ನು ಬಿಡಲಿಲ್ಲ. ಇವತ್ತಿಗೂ ಹಾಲಿನವನು ಬಂದರೆ ಅವನ ಅಳತೆಪಾತ್ರೆಯನ್ನು ಬೆಳಕಿಗೆ ಹಿಡಿದು ತಳ ನೋಡುತ್ತಾರೆ. ಚಿಕ್ಕಮ್ಮ "ಬಹಳ ತಲೆನೋವು" ಎಂದರೆ, "ಬಹಳ ಅಂದ್ರೆ ಎಷ್ಟು? ನಿನ್ನೆಗಿಂತ ಹೆಚ್ಚಾ, ಕಡಿಮೆಯಾ?" ಎಂದು ವಿಚಾರಣೆಗೆ ಕೂರುತ್ತಾರೆ. ತಲೆನೋವಿನ ಮೂಲ ಯಾವುದೆಂಬುದು ಅವರ ತನಿಖೆಯಲ್ಲಿ ಇನ್ನೂ ಪತ್ತೆಯಾಗಿಲ್ಲ.

ನಾನು ಇರುವುದು ಚಿಕ್ಕಪ್ಪನ ಮನೆಯಲ್ಲೇ. ಒಂದು ಬೆಳಿಗ್ಗೆ ಟೀ ಕುಡಿಯುವಾಗ ನಮ್ಮ ಅಜ್ಜಿ, ಅಂದರೆ ಚಿಕ್ಕಪ್ಪನ ತಾಯಿ, ಮಗನ ಮುಖವನ್ನು ಬಹಳ ಹೊತ್ತು ನೋಡಿ, "ನೀರಿನ ಮೀಟರ್ ಹಿತ್ತಲ ಕಡೆ ಇದೆ, ಹೋಗಿ ನೋಡ್ಕೊಳ್ಳಿ" ಎಂದಳು. ನಾವೆಲ್ಲ ಗೊಳ್ಳೆಂದು ನಕ್ಕೆವು. ಚಿಕ್ಕಪ್ಪ ನಗಲಿಲ್ಲ. ಟೀ ಅರ್ಧಕ್ಕೇ ಬಿಟ್ಟು ಎದ್ದುಹೋದವರು, ಗೆರೆ ಹಾಕಿದ ಇನ್ನೂರು ಪುಟದ ರಿಜಿಸ್ಟರನ್ನು ಕಂಕುಳಲ್ಲಿಟ್ಟುಕೊಂಡು ಬಂದರು.

"ಅಮ್ಮನಿಗೆ ನೆನಪು ಹೋಗ್ತಾ ಇದೆ" ಎಂದರು ನನ್ನನ್ನು ಮೂಲೆಗೆ ಕರೆದು. "ಅಪ್ಪ ಹೋಗಿ ಮೂವತ್ತು ವರ್ಷ ಆಯ್ತು. ಅವರ ಬಗ್ಗೆ ಒಂದು ಸಾಲು ಬರೆದಿಟ್ಟಿಲ್ಲ ನಾವು. ನಾಲ್ಕು ತಿಂಗಳಿಗೆ ಅಮ್ಮನಿಗೆ ಎಂಬತ್ತೆಂಟು ತುಂಬುತ್ತೆ. ಆವತ್ತು ಅವಳ ಎದುರಿಗೆ ಕೂತು ಅಪ್ಪನ ಪುಸ್ತಕ ಓದ್ಬೇಕು. 'ಹೌದು, ಹೀಗೇ ಇದ್ರು' ಅಂತ ಅವಳು ಒಂದು ಸಲ ಅಂದ್ಬಿಟ್ರೆ ಸಾಕು. ಅವಳು ಹಾಗನ್ನೋ ಸ್ಥಿತೀಲಿ ಇರುವಾಗ್ಲೇ ಆಗ್ಬೇಕು, ತಿಳೀತಾ?"

ಅಷ್ಟು ಹೇಳಿ ಅವರು ಅಜ್ಜಿ ಕೂತಿದ್ದ ಕಡೆ ತಿರುಗಿ ನೋಡಿದರು. ಆ ಕ್ಷಣದಲ್ಲೇ ನಾನು ಒಳ್ಳೆಯವನಾಗಿಬಿಡಬಹುದಿತ್ತು. ಆದರೆ ಚಿಕ್ಕಪ್ಪ ತಕ್ಷಣ ರಿಜಿಸ್ಟರ್ ತೆರೆದು ನಿಯಮಾವಳಿ ಓದತೊಡಗಿದರು.

ನಮ್ಮ ಅಜ್ಜ ಪುರಸಭೆಯ ನೌಕರ. ಪೇಟೆಯ ನಡುವೆ ನಿಂತಿರುವ ಗಡಿಯಾರದ ಗೋಪುರ ಹತ್ತಿ ವಾರಕ್ಕೆರಡು ಸಲ ಗಡಿಯಾರಕ್ಕೆ ಕೀಲಿ ಕೊಡುವುದು ಅವರ ಉದ್ಯೋಗ. ಊರಿಗೆಲ್ಲ ಗಂಟೆ ಕೊಟ್ಟವರು, ಮನೆಯಲ್ಲಿ ಮಾತ್ರ ಗಂಟಲು ತೆರೆದವರಲ್ಲವಂತೆ. ಇಂಥ ಮೌನಿಯ ಬಗ್ಗೆ ಪುಸ್ತಕ ಬರೆಯುವುದೇ ಕಷ್ಟ. ಚಿಕ್ಕಪ್ಪ ಅದನ್ನು ಅಸಾಧ್ಯ ಮಾಡಿದರು. ಅವರ ನಿಯಮ ಹೀಗೆ: ಯಾರೇ ಆಗಲಿ, ಒಂದು ನೆನಪು ಹೇಳಿದರೆ ಅದನ್ನು ಪೆನ್ಸಿಲಿನಲ್ಲಿ ಬರೆದುಕೊಳ್ಳಲಾಗುವುದು. ಬೇರೆ ಇಬ್ಬರು ಸಾಕ್ಷಿಗಳು "ಹೌದು, ಇದು ಹೀಗೇ ನಡೆಯಿತು" ಎಂದು ಸಹಿ ಮಾಡಿದರೆ ಶಾಯಿಯಲ್ಲಿ ಬರೆದು ಮುದ್ರೆ ಒತ್ತಲಾಗುವುದು. ಇಲ್ಲದಿದ್ದರೆ ರದ್ದು.

"ಇಷ್ಟೆಲ್ಲ ಯಾಕೆ ಚಿಕ್ಕಪ್ಪ? ಅಜ್ಜೀನೇ ಕೇಳಿದ್ರೆ ಆಗಲ್ವಾ?"

"ಅಂಗಡಿಯವನ ತಕ್ಕಡಿ ಸರಿ ಇದೆಯಾ ಅಂತ ಅಂಗಡಿಯವನನ್ನೇ ಕೇಳ್ತಾರೇನೋ? ಹೆಂಡತಿ ಅಂದ್ರೆ ಸಂಬಂಧಪಟ್ಟ ಪಾರ್ಟಿ. ಮೇಲಾಗಿ ಅವಳದ್ದು ಈಗ ರಿಪೇರಿಗೆ ಬಂದಿರೋ ತಕ್ಕಡಿ. ಅವಳಿಗೆ ಗೊತ್ತಾಗ್ಲೇಬಾರ್ದು. ಆವತ್ತು ಓದಿ ಸಂತೋಷಪಡಿಸ್ಬೇಕು."

ಹೀಗಾಗಿ ಅಜ್ಜನ ಜೊತೆ ಮೂವತ್ತೇಳು ವರ್ಷ ಸಂಸಾರ ಮಾಡಿದ ಒಬ್ಬಳನ್ನು ಬಿಟ್ಟು ಉಳಿದ ಸಮಸ್ತ ಪ್ರಪಂಚವನ್ನೂ ವಿಚಾರಣೆಗೆ ಕರೆಯಲಾಯಿತು.

ಮೊದಲ ಭಾನುವಾರ ನಮ್ಮಪ್ಪ ಮತ್ತು ಅತ್ತೆ ಬಂದರು. ಅಪ್ಪ ಮನೆಗೆ ಹಿರಿಯ ಮಗ, ಅತ್ತೆ ನಡುವಿನವಳು, ಚಿಕ್ಕಪ್ಪ ಕೊನೆಯವರು. ಅತ್ತೆ ಸೋಫಾದ ಮೇಲೆ ಕಾಲು ಮಡಿಸಿ ಕೂತು ಕಣ್ಣು ಮುಚ್ಚಿ ಶುರುಮಾಡಿದಳು.

"ನನಗೆ ಆರು ವರ್ಷ. ಶಾಲೆಗೆ ಸೇರಿದ ದಿನ ಜೋರು ಮಳೆ. ಅಪ್ಪ ನನಗೆ ಅಂತ ಒಂದು ಹಸಿರು ಛತ್ರಿ ತಂದ್ರು..."

"ಛತ್ರಿ ತಂದಿದ್ದು ನನಗೆ" ಎಂದರು ಅಪ್ಪ. "ಹಸಿರೂ ಅಲ್ಲ, ಕಪ್ಪು."

"ಅಣ್ಣ, ನಿನಗೆ ಆಗ್ಲೇ ಅರ್ಧ ಕಣ್ಣು ಕಾಣಿಸ್ತಿರಲಿಲ್ಲ. ಹಸಿರು!"

"ಕಣ್ಣು ಕಾಣದಿದ್ರೂ ಛತ್ರಿ ಹಿಡ್ಕೊಂಡು ಹೋಗಿದ್ದು ನಾನು. ನೀನು ನೆನ್ಕೊಂಡು ಹಿಂದೆ ಬರ್ತಿದ್ದೆ."

"ನೋಡ್ದ್ಯಾ, ಒಪ್ಕೊಂಡ! ನನ್ನ ಛತ್ರಿ ಕಿತ್ಕೊಂಡು ನನ್ನನ್ನ ಮಳೇಲಿ ನಡೆಸಿದ್ದು ಇವನೇ. ಅರವತ್ತು ವರ್ಷ ಆಯ್ತು, ಇವತ್ತು ಬಾಯಿಬಿಟ್ಟ. ಬರ್ಕೊಳ್ಳೋ ಅದನ್ನ!"

ಚಿಕ್ಕಪ್ಪ ಬರೆದುಕೊಂಡರು: "ಛತ್ರಿ. ಬಣ್ಣ ವಿವಾದಿತ. ಒಡೆತನ ವಿವಾದಿತ. ರದ್ದು." ಅತ್ತೆ ಟೀ ಮುಟ್ಟದೆ ಎದ್ದುಹೋದಳು. ಅಪ್ಪ ಅವಳ ಟೀಯನ್ನೂ ಕುಡಿದು ಹೋದರು.

ಮೂರು ತಿಂಗಳಲ್ಲಿ ನೂರಹನ್ನೊಂದು ನೆನಪುಗಳು ಬಂದವು, ನೂರಹನ್ನೊಂದೂ ರದ್ದಾದವು. ನಿಜವಾಗಿ ನಡೆದದ್ದನ್ನು ಇಬ್ಬರು ಒಂದೇ ಥರ ಹೇಳುವುದಿಲ್ಲ. ಒಬ್ಬರು ಅಜ್ಜನಿಗೆ ಮೀಸೆ ಇತ್ತು ಎಂದರೆ ಇನ್ನೊಬ್ಬರು ಅದನ್ನು ಬೋಳಿಸಿದ ವರ್ಷ ಹೇಳುತ್ತಾರೆ. ಚಿಕ್ಕಪ್ಪ ತಮ್ಮದೇ ನಾಲ್ಕು ನೆನಪುಗಳನ್ನು ಪೆನ್ಸಿಲಿನಲ್ಲಿ ಬರೆದು, ಸಾಕ್ಷಿ ಸಿಗದೆ, ತಮ್ಮ ಕೈಯಾರೆ ಕೆಂಪು ಗೆರೆ ಎಳೆದದ್ದನ್ನು ನಾನು ನೋಡಿದೆ. ಅವರು ರಿಜಿಸ್ಟರಿನ ಮುಂದೆ ಕೆನ್ನೆಗೆ ಕೈಕೊಟ್ಟು ಕೂತಿದ್ದರೆ, ಒಳಗಿನ ಕೋಣೆಯಿಂದ ಅಜ್ಜಿ "ಆ ಮೀಟರ್‌ನವರು ಇನ್ನೂ ಹೋಗ್ಲಿಲ್ವಾ?" ಎಂದು ಕೇಳುತ್ತಿದ್ದಳು.

ಈಗ ನನ್ನ ಅಪರಾಧದ ವಿಷಯಕ್ಕೆ ಬರೋಣ. ಕಾಲೇಜಿನಲ್ಲಿ ನಾನು ಪದವಿ ಪಡೆದದ್ದು ಅರ್ಥಶಾಸ್ತ್ರದಲ್ಲಾದರೂ ಪರಿಣತಿ ಪಡೆದದ್ದು ಪ್ರಾಂಶುಪಾಲರ ಧ್ವನಿಯಲ್ಲಿ. ಅವರ ಧ್ವನಿಯಲ್ಲಿ ಎರಡು ದಿನ ರಜೆ ಘೋಷಿಸಿದ ದಾಖಲೆ ನನ್ನದು. ಅಜ್ಜನ ಗೆಳೆಯರ ಪೈಕಿ ಬದುಕಿದ್ದವರು ಒಬ್ಬರೇ, ಪುರಸಭೆಯ ಪಂಪ್‌ಹೌಸಿನಲ್ಲಿದ್ದ ಮುದುಕರು. ಎಲ್ಲರೂ ಅವರನ್ನು ಪಂಪಜ್ಜ ಎನ್ನುತ್ತಿದ್ದರು. ತೊಂಬತ್ತೊಂದು ವರ್ಷ, ದೂರದ ಊರಿನಲ್ಲಿ ಮಗಳ ಮನೆ. ಚಿಕ್ಕಪ್ಪ ಅವರಿಗೆ ಬರೆದ ಮೂರು ಕಾಗದಕ್ಕೂ ಉತ್ತರ ಬಂದಿರಲಿಲ್ಲ. ಪಂಪಜ್ಜನ ಧ್ವನಿ ನನಗೆ ಚಿಕ್ಕಂದಿನಿಂದ ಬಾಯಿಪಾಠ: ಗಾಳಿ ಹಿಡಿದ ನಲ್ಲಿಯ ಹಾಗೆ ಮೊದಲು ಎರಡು ಸಲ ಖೊಕ್ ಖೊಕ್, ಆಮೇಲೆ ಮಾತು ಒಮ್ಮೆಲೇ ಧಾರಾಕಾರ.

ಒಂದು ಮಧ್ಯಾಹ್ನ ಎದುರುಗಡೆಯ ಟೈಲರ್ ಅಂಗಡಿಯ ಫೋನಿನಿಂದ ಚಿಕ್ಕಪ್ಪನಿಗೆ ಫೋನ್ ಮಾಡಿದೆ. "ನಿಮ್ಮಪ್ಪ ದೇವರಂಥ ಮನುಷ್ಯ" ಎಂದು ಒಂದು ಮಾತು ಹೇಳಿ ಇಟ್ಟುಬಿಡುವುದಷ್ಟೇ ನನ್ನ ಉದ್ದೇಶವಾಗಿತ್ತು. ಇದನ್ನು ದಯವಿಟ್ಟು ನಂಬಿ.

"ಖೊಕ್ ಖೊಕ್... ನಾನಪ್ಪಾ, ಪಂಪ್‌ಹೌಸು. ನಿಮ್ಮಪ್ಪ ದೇವರಂಥ ಮನುಷ್ಯ ಕಣೋ."

"ನಮಸ್ಕಾರ! ನೆನಪಿದ್ಯಾ ನಮ್ಮಪ್ಪ? ದೇವರಂಥ ಅನ್ನೋದಕ್ಕೆ ಆಧಾರ ಏನು? ಘಟನೆ ಹೇಳಿ, ಬರ್ಕೊಳ್ತೀನಿ."

"ಘಟನೆ... ಖೊಕ್... ಅದೇ, ಪರೀಕ್ಷೆ ದಿನದ್ದು."

"ಯಾವ ಪರೀಕ್ಷೆ? ಯಾವ ವರ್ಷ?"

"ಶಾಲೆ ದೊಡ್ಡ ಪರೀಕ್ಷೆ. ರೈಲ್ವೆ ಗೇಟು ಹಾಕ್ಬಿಟ್ಟಿತ್ತು. ಮಕ್ಕಳು ಆಚೆ ಕಡೆ ಸಿಕ್ಕಾಕ್ಕೊಂಡು ಅಳ್ತಾ ನಿಂತಿದ್ವು."

"ಎಷ್ಟು ಮಕ್ಕಳು?"

"ನಾಲ್ಕು."

"ಆಮೇಲೆ?"

ಆಮೇಲೆ ಏನೆಂದು ನನಗೂ ಗೊತ್ತಿರಲಿಲ್ಲ. ಕಿಟಕಿಯಿಂದ ಗೋಪುರ ಕಾಣುತ್ತಿತ್ತು. ಬಾಯಿಗೆ ಬಂದದ್ದನ್ನು ಹೇಳಿದೆ. "ಪರೀಕ್ಷೆ ಶುರುವಾಗೋದು ಗೋಪುರದ ಗಂಟೆ ಹೊಡೆದ್ಮೇಲೆ ತಾನೇ? ನಿಮ್ಮಪ್ಪ ಮೇಲಿಂದ ನೋಡ್ದ. ಮುಳ್ಳು ಹಿಡಿದು ಹಿಂದಕ್ಕೆ ತಿರುಗಿಸ್ಬಿಟ್ಟ. ಊರಿಗೆ ಊರೇ ಹಿಂದಕ್ಕೆ ಹೋಯ್ತು. ಮಕ್ಕಳು ಪರೀಕ್ಷೆ ಬರೆದ್ವು."

"ಎಷ್ಟು ನಿಮಿಷ ಹಿಂದಕ್ಕೆ?"

"ಹತ್ತು."

"ಸರಿಯಾಗಿ ಹತ್ತೇನಾ?"

"ಹದಿನೈದು!" ಎಂದು ಹೇಳಿ ಫೋನಿಟ್ಟು, ಟೈಲರ್ ಕೊಟ್ಟ ನೀರು ಕುಡಿದೆ. ಇಲಾಖೆಯವರ ಪ್ರಶ್ನೆಗೆ ಸಿಕ್ಕಿದರೆ ಸುಳ್ಳಿಗೂ ಕೈಕಾಲು ಮೂಡುತ್ತದೆ ಎಂಬುದು ನನಗೆ ಆವತ್ತು ತಿಳಿಯಿತು.

ಇದೂ ಸಂಜೆಯೊಳಗೆ ರದ್ದಾಗುತ್ತದೆ, ಚಿಕ್ಕಪ್ಪನಿಗೆ ಎರಡು ಗಂಟೆಯ ಸಂತೋಷವಾದರೂ ಸಿಗಲಿ ಎಂಬುದು ನನ್ನ ಲೆಕ್ಕಾಚಾರ. ಚಿಕ್ಕಪ್ಪ ರಿಜಿಸ್ಟರ್ ಹಿಡಿದು ನೇರ ಕ್ಷೌರದಂಗಡಿಗೆ ಹೋದರು. ಅಲ್ಲಿ ನಿವೃತ್ತ ಹೆಡ್‌ಮಾಸ್ತರರು ಮುಖದ ತುಂಬ ನೊರೆ ಹಚ್ಚಿಸಿಕೊಂಡು ಕುರ್ಚಿಯಲ್ಲಿ ಒರಗಿದ್ದರು. ಚಿಕ್ಕಪ್ಪ ವಿಷಯ ಓದಿದರು. 

"ಗೊತ್ತಿಲ್ದೆ ಏನು!" ಎಂದ ಕ್ಷೌರಿಕ. "ಊರಿಗೇ ಗೊತ್ತಿರೋ ವಿಷಯ."

ಹೆಡ್‌ಮಾಸ್ತರರು ನೊರೆಯೊಳಗಿಂದ ಎದ್ದು ಕೂತರು. ಊರಿಗೇ ಗೊತ್ತಿರುವ ವಿಷಯ ಹೆಡ್‌ಮಾಸ್ತರರಿಗೆ ಗೊತ್ತಿಲ್ಲವೆಂದರೆ ಹೇಗೆ? "ಗೊತ್ತಿರೋದೇನು ಬಂತು? ಗೇಟಿನ ಆಚೆ ಅಳ್ತಾ ನಿಂತಿದ್ದ ನಾಲ್ವರಲ್ಲಿ ನಾನೊಬ್ಬ."

"ನಾನೂ ಇದ್ದೆ ಸಾರ್" ಎಂದ ಕ್ಷೌರಿಕ.

"ನೀನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವನು."

"ಪರೀಕ್ಷೆ ಬರೆಯೋಕೆ ಅಂತ ಹೇಳ್ದ್ನಾ? ಅಳೋಕೆ ಇದ್ದೆ."

ಇಬ್ಬರೂ ಸಹಿ ಹಾಕಿದರು. ಹೆಡ್‌ಮಾಸ್ತರರ ಸಹಿಯ ಮೇಲೆ ಸ್ವಲ್ಪ ನೊರೆಯೂ ಬಿತ್ತು. ಚಿಕ್ಕಪ್ಪ ಮನೆಗೆ ಓಡಿ ಬಂದು, ರಿಜಿಸ್ಟರಿನ ಜೀವಮಾನದಲ್ಲೇ ಮೊದಲ ಸಲ ಶಾಯಿ ಪೆನ್ನು ತೆಗೆದರು. ಮುದ್ರೆ ಒತ್ತಿದ ಸದ್ದಿಗೆ ಅಡಿಗೆಮನೆಯಲ್ಲಿದ್ದ ಚಿಕ್ಕಮ್ಮ "ಏನು ಬಿತ್ರೀ?" ಎಂದು ಕೂಗಿದಳು. ನಿಜ ಬಿತ್ತು ಎಂದು ಆಗಲೇ ಹೇಳಿಬಿಟ್ಟಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ನಾನು ಬಾಯಿ ಮುಚ್ಚಿಕೊಂಡೆ.

ಮಾರನೆಯ ದಿನದಿಂದ ಮನೆಗೆ ಸಾಲು. ಯಾರನ್ನೂ ಕರೆಯಬೇಕಾಗಿರಲಿಲ್ಲ. ಹೆಡ್‌ಮಾಸ್ತರರ ಸಹಿ ಬಿದ್ದಿದೆ, ತನ್ನದು ಬಿದ್ದಿಲ್ಲ ಎಂಬುದೇ ಒಬ್ಬೊಬ್ಬನನ್ನೂ ಎಳೆದು ತಂದಿತು. ನಾಲ್ಕಿದ್ದ ಮಕ್ಕಳು ವಾರದೊಳಗೆ ಮೂವತ್ತಾದರು. ಅಷ್ಟು ಜನ ನಿಲ್ಲುವುದಕ್ಕೆ ಆ ಗೇಟಿನ ಮುಂದೆ ಜಾಗವೇ ಇಲ್ಲ. ಅಪ್ಪ ಮತ್ತು ಅತ್ತೆ ಛತ್ರಿಯ ಜಗಳ ಮರೆತು ಒಂದೇ ರಿಕ್ಷಾದಲ್ಲಿ ಬಂದು, ಒಂದೇ ಪೆನ್ನಿನಲ್ಲಿ, "ಆವತ್ತು ಅಪ್ಪ ಮನೆಗೆ ಬಂದು ನಮಗೆ ಹೇಳಿದರು" ಎಂದು ಬರೆದುಕೊಟ್ಟರು.

"ಎಷ್ಟು ನಿಮಿಷ ಅಂದ್ರು?" ಎಂದು ನಾನು ಅತ್ತೆಯನ್ನು ಮೆಲ್ಲಗೆ ಕೇಳಿದೆ.

"ಹದಿನೈದು."

ಅಪ್ಪನನ್ನು ಬೇರೆಯಾಗಿ ಕೇಳಿದೆ. "ಹದಿನೈದು." ಅರವತ್ತು ವರ್ಷದಲ್ಲಿ ಅಣ್ಣತಂಗಿಯರ ಲೆಕ್ಕ ಹೊಂದಿದ್ದು ಅದೊಂದೇ ಸಲ.

ವಾರ್ಡಿನ ಸದಸ್ಯರೂ ಬಂದರು. ಅವರಿಗೆ ನಲವತ್ತೆಂಟು ವರ್ಷ. ಚಿಕ್ಕಪ್ಪ ಹೆಡ್‌ಮಾಸ್ತರರು ಪರೀಕ್ಷೆ ಬರೆದ ವರ್ಷದಿಂದ ಬೆರಳು ಮಡಿಸಿ ಲೆಕ್ಕ ಹಾಕಿ, "ಆಗ ನೀವು ಹುಟ್ಟಿರಲಿಲ್ವಲ್ಲ?" ಎಂದರು.

"ಹುಟ್ಟಿರಲಿಲ್ಲ ನಿಜ. ಆದ್ರೆ ನಮ್ಮ ತಾಯಿ ಗೇಟ್ ಹತ್ರ ಇದ್ರು. ನಾನು ಒಳಗಿದ್ದೆ. ಗಲಾಟೆ ಕೇಳಿಸ್ತಾ ಇತ್ತು."

ಸದಸ್ಯರ ಸಹಿ ಎಲ್ಲರದ್ದಕ್ಕಿಂತ ದೊಡ್ಡದು, ಅರ್ಧ ಪುಟ ತಿಂದಿತು.

ಎಲ್ಲರೂ ಹೊಗಳಿದರು ಎಂದೂ ಅಲ್ಲ. ಟೈಪಿಂಗ್ ಶಾಲೆಯ ಮೇಷ್ಟ್ರು ಸಿಟ್ಟಿನಿಂದ ಬಂದರು. ಆ ದಿನ ಅವರು ಹೆಣ್ಣು ನೋಡಲು ಹೊರಟಿದ್ದರಂತೆ, ಗೋಪುರದ ಗಡಿಯಾರ ನಂಬಿ ಹದಿನೈದು ನಿಮಿಷ ತಡವಾಗಿ ಹೋದರಂತೆ, ಅಷ್ಟರಲ್ಲಿ ಆ ಹುಡುಗಿ ಬೇರೊಬ್ಬನಿಗೆ ಒಪ್ಪಿಗೆ ಕೊಟ್ಟಿದ್ದಳಂತೆ. "ಈಗಿರೋ ಸಂಸಾರ ನಿಮ್ಮಪ್ಪ ಮಾಡಿಟ್ಟ ಅನಾಹುತ!" ಎಂದು ಮೇಜು ಕುಟ್ಟಿ ಸಹಿ ಹಾಕಿ, ಪುರಸಭೆಗೂ ಒಂದು ದೂರು ಕೊಟ್ಟು ಹೋದರು. ನಡೆಯದ ಘಟನೆಯಿಂದ ನಷ್ಟವಾದವರೂ ಸಿಕ್ಕಿದ ಮೇಲೆ ನನಗೆ ನಿಜಕ್ಕೂ ಭಯವಾಯಿತು.

ಕೊನೆಯ ಆಸೆ ಪಂಪಜ್ಜ. ಅವರು ಒಂದು ಮಾತು ಇಲ್ಲವೆಂದರೆ ಸಾಕು, ಎಲ್ಲ ಕುಸಿಯುತ್ತದೆ. ಚಿಕ್ಕಪ್ಪನೂ ಕೊನೆಯ ತಪಾಸಣೆಗೆಂದು ಮಗಳ ಮನೆಯ ನಂಬರ್ ಹುಡುಕಿ ಫೋನ್ ಮಾಡಿದರು. ನಾನು ಪಕ್ಕದಲ್ಲೇ ನಿಂತಿದ್ದೆ.

"ಅಜ್ಜಾ, ಗಡಿಯಾರದ ವಿಷಯ ಆವತ್ತು ಫೋನ್‌ನಲ್ಲಿ ಹೇಳಿದ್ರಲ್ಲ..."

ಆ ಕಡೆಯಿಂದ ಅಸಲಿ ಖೊಕ್ ಖೊಕ್. ಮರೆತಿದ್ದೇನೆ ಎಂದು ಒಪ್ಪಿಕೊಳ್ಳಲು ತೊಂಬತ್ತೊಂದು ವರ್ಷದ ಗಂಡಸಿಗೆ ಮನಸ್ಸು ಬರಲಿಲ್ಲ.

"ಹೌದಪ್ಪಾ, ಹೇಳ್ದೆ. ನಾನೇ ಹೇಳ್ದೆ. ಇನ್ನೂ ಬಹಳ ಇತ್ತು ಹೇಳೋಕೆ, ನೀನೇ ಫೋನ್ ಇಟ್ಬಿಟ್ಟೆ."

ಆವತ್ತೇ ನಾನು ತಪ್ಪೊಪ್ಪಿಕೊಂಡೆ. ಬಾಗಿಲು ಹಾಕಿ, ಚಿಕ್ಕಪ್ಪನ ಎದುರು ನಿಂತು, "ಅದು ನಾನು. ಟೈಲರ್ ಅಂಗಡಿಯಿಂದ ನಾನೇ ಮಾತಾಡಿದ್ದು. ಎಲ್ಲ ಸುಳ್ಳು" ಎಂದೆ. ಅವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು.

"ಮಾತಾಡಿ ತೋರ್ಸು."

ತೋರಿಸಿದೆ. ಖೊಕ್ಕಿನಿಂದ ಹಿಡಿದು ಹದಿನೈದರವರೆಗೆ ಒಂದಕ್ಷರ ಬಿಡದೆ.

"ಚೆನ್ನಾಗಿ ಮಾಡ್ತೀಯ" ಎಂದರು. "ಆದ್ರೆ ಅವರ ಧ್ವನಿ ಇನ್ನೂ ಸ್ವಲ್ಪ ದಪ್ಪ."

"ಚಿಕ್ಕಪ್ಪ, ನಾನು ಸುಳ್ಳು ಹೇಳಿದ್ದು ಸತ್ಯ!"

"ಸಾಕ್ಷಿ?"

"ಟೈಲರ್..."

ಚಿಕ್ಕಪ್ಪ ರಿಜಿಸ್ಟರಿನ ಪುಟ ತಿರುವಿ ನನ್ನ ಮುಂದೆ ಹಿಡಿದರು. ಇಪ್ಪತ್ತಾರನೆಯ ಸಹಿ ಟೈಲರನದು. ಗೇಟಿನ ಆಚೆ ನಿಂತು ಅತ್ತವರಲ್ಲಿ ಅವನೂ ಒಬ್ಬ.

"ಘಟನೆ ನಡೀತು ಅನ್ನೋದಕ್ಕೆ ನಲವತ್ತೊಂದು ಸಹಿ ಇದೆ. ನೀನು ಸುಳ್ಳು ಹೇಳ್ದೆ ಅನ್ನೋದಕ್ಕೆ ಒಂದೂ ಇಲ್ಲ. ನಿನ್ನ ತಪ್ಪೊಪ್ಪಿಗೆ ರದ್ದು ಕಣೋ. ಹೋಗು, ಕುರ್ಚಿ ತರ್ಸೋ ವ್ಯವಸ್ಥೆ ನೋಡು."

ಅಜ್ಜಿಗೆ ಎಂಬತ್ತೆಂಟು ತುಂಬಿದ ದಿನ ನಮ್ಮ ಮನೆಯ ಹಾಲ್‌ನಲ್ಲಿ ಬಾಡಿಗೆಯ ಅರವತ್ತು ಕುರ್ಚಿ. ಸಾಕ್ಷಿಗಳೆಲ್ಲ ಇಸ್ತ್ರಿ ಬಟ್ಟೆಯಲ್ಲಿ ಸಹಿಯ ಕ್ರಮಸಂಖ್ಯೆಗೆ ಸರಿಯಾಗಿ ಕೂತಿದ್ದರು. ಎರಡನೆಯವನಾದ ಕ್ಷೌರಿಕನ ಕುರ್ಚಿಯಲ್ಲಿ ಸದಸ್ಯರು ಕೂತುಬಿಟ್ಟದ್ದರಿಂದ ಮೊದಲ ಸಾಲಿನಲ್ಲಿ ಸಣ್ಣ ಮಾತಿನ ಚಕಮಕಿಯೂ ಆಗಿತ್ತು. ಪುರಸಭೆಯಿಂದ ಒಬ್ಬ ಗುಮಾಸ್ತರು ಬಂದಿದ್ದರು. ಒಂದು ಮೊಣಕಾಲಿಗೆ ಬ್ಯಾಂಡೇಜು, ಕುಂಟುತ್ತಿದ್ದರು. ಕಂಕುಳಲ್ಲಿ ಎರಡು ಫೈಲು.

"ಇದು ಸನ್ಮಾನ ಶಾಖೆಯದು" ಎಂದು ಒಂದು ಫೈಲು ತೆರೆದರು. "ನಿಮ್ಮ ತಂದೆಯವರ ಹೆಸರಲ್ಲಿ ಗೋಪುರಕ್ಕೆ ನೆನಪಿನ ಕಲ್ಲು ಹಾಕ್ತೀವಿ. ನಾಳೆಯಿಂದ ಕೆಲಸ ಶುರು. ಅಭಿನಂದನೆಗಳು." ಚಿಕ್ಕಪ್ಪನ ಕೈ ಕುಲುಕಿದರು. ಆಮೇಲೆ ಎರಡನೆಯ ಫೈಲು ತೆರೆದು ಮುಖ ಗಂಟಿಕ್ಕಿದರು. "ಇದು ಶಿಸ್ತು ಶಾಖೆಯದು. ಸರಕಾರಿ ಗಡಿಯಾರವನ್ನು ಅನುಮತಿ ಇಲ್ಲದೆ ಹಿಂದಕ್ಕೆ ತಿರುಗಿಸಿದ್ದಕ್ಕೆ ನಿಮ್ಮ ತಂದೆಯವರಿಗೆ ಕಾರಣ ಕೇಳಿ ನೋಟಿಸು. ಖುದ್ದಾಗಿ ಬಂದು ಉತ್ತರ ಕೊಡ್ಬೇಕು."

"ಅವರು ತೀರ್ಕೊಂಡು ಮೂವತ್ತು ವರ್ಷ ಆಯ್ತಲ್ಲ?"

"ಅದನ್ನೇ ಉತ್ತರದಲ್ಲಿ ಬರೀಲಿ."

"ಎರಡಕ್ಕೂ ನೀವೇನಾ?"

"ಶಿಸ್ತು ಶಾಖೆಯವರು ಹೇಳದೆ ಕೇಳದೆ ರಜೆ ಹಾಕಿದ್ದಾರೆ. ಅವರು ಬರೋವರೆಗೆ ಶಿಸ್ತೂ ನಾನೇ."

ಚಿಕ್ಕಪ್ಪ ಎರಡನ್ನೂ ಮಡಿಸಿ ಜೇಬಿಗಿಟ್ಟುಕೊಂಡು ಅಜ್ಜಿಯ ಎದುರಿಗೆ ಕುರ್ಚಿ ಎಳೆದು ಕೂತರು. ಹೊಸ ಸೀರೆ ಉಟ್ಟಿದ್ದ ಅಜ್ಜಿ ಬಿಸ್ಕತ್ತನ್ನು ಟೀಯಲ್ಲಿ ಅದ್ದುತ್ತಿದ್ದಳು. ಪುಸ್ತಕದಲ್ಲಿ ಇದ್ದದ್ದು ಅದೊಂದೇ ಘಟನೆ, ಉಳಿದ ಪುಟಗಳೆಲ್ಲ ಸಹಿ. ಚಿಕ್ಕಪ್ಪ ನಿಧಾನವಾಗಿ, ಒಂದೊಂದು ವಾಕ್ಯಕ್ಕೂ ತಾಯಿಯ ಮುಖ ನೋಡುತ್ತ ಓದಿದರು. ನಾನು ಬಾಗಿಲ ಸಂದಿಯಲ್ಲಿ ನಿಂತು, ಭೂಮಿ ಬಾಯಿ ಬಿಡಬಾರದೇ ಎಂದು ನೆಲ ನೋಡುತ್ತಿದ್ದೆ. ಓದು ಮುಗಿದಾಗ ಚಪ್ಪಾಳೆ ಬಿತ್ತು. ಹೆಡ್‌ಮಾಸ್ತರರು ಕಣ್ಣೊರೆಸಿಕೊಂಡರು.

ಅಜ್ಜಿ ಬಿಸ್ಕತ್ತು ನುಂಗಿ, "ಯಾರ ಕಥೆ ಇದು?" ಎಂದಳು.

"ಅಪ್ಪಂದಮ್ಮ. ನಮ್ಮಪ್ಪ, ನಿನ್ನ ಯಜಮಾನ್ರು. ಗಡಿಯಾರದ ಗೋಪುರ ಹತ್ತಿ..."

"ಅವರೆಲ್ಲಿ ಗೋಪುರ ಹತ್ತಿದ್ರೋ?" ಎಂದಳು ಅಜ್ಜಿ. "ಸ್ಟೂಲ್ ಹತ್ತಿದ್ರೇ ಕಾಲು ಗಡಗಡ ಅಂತಿತ್ತು ಪಾಪ. ಹತ್ತುತ್ತಾ ಇದ್ದಿದ್ದು ನಾನು."

ಸಾಕ್ಷಿಗಳೆಲ್ಲ ಒಟ್ಟಿಗೆ ಮಾತಾಡತೊಡಗಿದರು.

"ಪಾಪ, ವಯಸ್ಸಾಯ್ತು."

"ನೆನಪು ಕೈಕೊಟ್ಟಿದೆ ಅಂತ ಆಗ್ಲೇ ಹೇಳಿದ್ರಲ್ಲ."

"ಅಮ್ಮಾ, ಮಾನ ಕಳೀಬೇಡಮ್ಮ, ಜನ ಇದ್ದಾರೆ" ಎಂದಳು ಅತ್ತೆ.

ಹೆಡ್‌ಮಾಸ್ತರರು ಎದ್ದು ನಿಂತು ಕ್ಲಾಸಿನಲ್ಲಿ ಮಾತಾಡುವ ಧ್ವನಿಯಲ್ಲಿ, "ತಾಯೀ, ನಾನು ಕಣ್ಣಾರೆ ಕಂಡವನು. ಗಡಿಯಾರದ ಪಕ್ಕದ ಕಿಂಡೀಲಿ ನಿಮ್ಮ ಯಜಮಾನ್ರೇ ನಿಂತಿದ್ರು" ಎಂದರು.

"ಏನು ಹಾಕ್ಕೊಂಡಿದ್ರು?"

ಹೆಡ್‌ಮಾಸ್ತರರು ಹಿಂದೆಮುಂದೆ ನೋಡಲಿಲ್ಲ. "ಖಾಕಿ ಕೋಟು. ತಲೆಗೆ ಮಫ್ಲರು."

"ಅದು ನಾನೇ" ಎಂದಳು ಅಜ್ಜಿ. "ಅವರ ಕೋಟು ಹಾಕ್ಕೊಂಡು ಹೋಗ್ತಿದ್ದೆ. ಜಡೆ ಕಾಣ್ಬಾರ್ದು ಅಂತ ಮಫ್ಲರು. ಬೆಳಗಾಗೋ ಮುಂಚೆ ಹೋಗಿ ಬಂದ್ಬಿಡೋದು. ಇಪ್ಪತ್ತೆರಡು ವರ್ಷ. ಯಾರೂ ನೋಡಿಲ್ಲ ಅಂದ್ಕೊಂಡಿದ್ದೆ, ನೀನು ನೋಡ್ಬಿಟ್ಟಿದ್ದೀಯ ನೋಡು."

ಹೆಡ್‌ಮಾಸ್ತರರಿಗೆ ತಾವು ನೋಡಿದ್ದು ಹೌದೋ ಅಲ್ಲವೋ ಎಂದು ತಮಗೇ ಅನುಮಾನ ಬಂದಂತೆ ಕಾಣಿಸಿತು, ಮೆಲ್ಲಗೆ ಕೂತರು.

"ಅಜ್ಜೀ, ಏನೇನೋ ಹೇಳ್ಬೇಡಿ" ಎಂದರು ಸದಸ್ಯರು. "ಅದೇನು ಹೆಂಗಸರು ಹತ್ತೋ ಮೆಟ್ಟಿಲಾ?"

"ಎಪ್ಪತ್ತೆಂಟು ಮೆಟ್ಟಿಲು. ಕೋಟು ಮೊಣಕಾಲಿಗೆ ಬರ್ತಿತ್ತು, ಎತ್ತಿ ಕಟ್ಕೊಂಡ್ರೆ ಆಯ್ತು. ಅರವತ್ತೊಂದನೇದು ಮಾತ್ರ ಅಲ್ಲಾಡುತ್ತೆ. ಅಲ್ಲಿ ಎಡಗಡೆ ಗೋಡೆ ಹಿಡ್ಕೋಬೇಕು."

ಗುಮಾಸ್ತರು ಕುರ್ಚಿಯಿಂದ ಅರ್ಧ ಎದ್ದರು. "ಅರವತ್ತೊಂದನೇದಾ? ಮೊನ್ನೆ ಕಲ್ಲಿಗೆ ಅಳತೆ ತಗೊಳ್ಳೋಕೆ ಹತ್ತಿದ್ನಲ್ಲ, ಇದು ಯಾರಾದ್ರೂ ಮೊದ್ಲೇ ಹೇಳೋದಲ್ವಾ ಅಜ್ಜೀ!" ಎಂದು ಬ್ಯಾಂಡೇಜನ್ನು ಎರಡೂ ಕೈಯಿಂದ ಹಿಡಿದುಕೊಂಡರು.

ಚಿಕ್ಕಪ್ಪ ಪುಸ್ತಕ ಮಡಿಸಿದರು. ಅವರ ಮುಖ ನೋಡುವ ಧೈರ್ಯ ನನಗಿರಲಿಲ್ಲ, ಆದರೂ ನೋಡಿದೆ. ಅವರು ನಲವತ್ತೊಂದು ಸಾಕ್ಷಿಗಳ ಮೇಲೆ ಒಂದು ಸುತ್ತು ಕಣ್ಣಾಡಿಸಿ, ಕೊನೆಗೆ ಬಾಗಿಲ ಸಂದಿಯಲ್ಲಿದ್ದ ನನ್ನ ಮೇಲೆ ನೋಟ ನಿಲ್ಲಿಸಿದರು.

"ಹಾಗಾದ್ರೆ ಆವತ್ತು ಫೋನ್ ಮಾಡಿದ್ದು ನೀನೇ ಏನೋ?"

"ನಾನೇ ಚಿಕ್ಕಪ್ಪ."

"ಹದಿನೈದು ನಿಮಿಷ?"

"ನೀವು ಸರಿಯಾಗಿ ಹತ್ತೇನಾ ಅಂತ ಕೇಳಿದ್ರಲ್ಲ, ಅದಕ್ಕೆ ಐದು ಸೇರಿಸ್ದೆ."

ಬೈಗುಳ ಬರುತ್ತದೆಂದು ಕಣ್ಣು ಮುಚ್ಚಿದೆ. ಬರಲಿಲ್ಲ. ಕಣ್ಣು ತೆರೆದರೆ ಚಿಕ್ಕಪ್ಪ ಮತ್ತೆ ಅಜ್ಜಿಯ ಕಡೆಗೇ ತಿರುಗಿದ್ದರು.

"ಅಮ್ಮಾ, ಏಳು ವರ್ಷದವನಿದ್ದಾಗಿನಿಂದ ಹದಿನಾಲ್ಕರವರೆಗೂ ಅಪ್ಪನ್ನ ಕೇಳಿದ್ದೀನಿ, ಒಂದೇ ಒಂದು ಸಲ ಗೋಪುರದ ಮೇಲೆ ಕರ್ಕೊಂಡು ಹೋಗಿ ಅಂತ. ದಿನಾ 'ನಾಳೆ' ಅಂತಿದ್ರು. ನಾನು ಬೇಡದ ಮಗ ಅದಕ್ಕೇ ಅಂತ ಅಂದ್ಕೊಂಡಿದ್ದೆ."

"ಬೇಡದೇ ಇರೋದೇನು? ಹತ್ತೋಕೆ ಬಂದಿದ್ರೆ ತಾನೇ ಕರ್ಕೊಂಡು ಹೋಗೋದು."

"ನೀನು ಮೇಲಿರುವಾಗ ಅಪ್ಪ ಏನ್ ಮಾಡ್ತಿದ್ರು?"

"ಕೆಳಗೆ ಬಾಗಿಲ ಹತ್ರ ನಿಂತ್ಕೊಂಡು 'ಹುಷಾರು ಕಣೇ, ಹುಷಾರು ಕಣೇ' ಅಂತಿದ್ರು. ನಾನು ಇಳಿದು ಬಂದು ಕೋಟು ಬಿಚ್ಚಿ ಕೊಡ್ತಿದ್ದೆ, ಅವರು ಹಾಕ್ಕೊಳ್ಳೋರು. ಅಷ್ಟೊತ್ತಿಗೆ ಯಾರಾದ್ರೂ ಆ ಕಡೆ ಬಂದ್ರೆ, ಮೇಲಿಂದ ಈಗ ತಾನೇ ಇಳಿದೋರ ಥರ ಸೊಂಟ ಹಿಡ್ಕೊಂಡು ಉಸ್ ಉಸ್ ಅಂತ ಏದುಸಿರು ಬಿಡೋರು. ನಿಜವಾಗಿ ಹತ್ತಿಳಿದಿರೋ ನಾನು ಉಸಿರು ಬಿಗಿಹಿಡ್ಕೊಂಡು ಪಕ್ಕದಲ್ಲಿ ನಿಂತಿರ್ಬೇಕು! 'ತುಂಬಾ ಕಷ್ಟದ ಕೆಲ್ಸ ನಿಮ್ದು' ಅಂತ ಜನ ಅವರಿಗೆ ನೀರು ಬೇರೆ ತಂದ್ಕೊಡ್ತಿದ್ರು. ಕುಡಿಯೋರು, ಪುಣ್ಯಾತ್ಮ!"

ಅಜ್ಜಿ ಸೊಂಟಕ್ಕೆ ಕೈಕೊಟ್ಟು, ಕೂತಲ್ಲೇ ಉಸ್ ಉಸ್ ಎಂದು ತೋರಿಸಿದಳು. ಬಾಯಿ ತೆರೆದ ರೀತಿ, ಹುಬ್ಬು ಗಂಟಿಕ್ಕಿದ ರೀತಿ ಎಲ್ಲವೂ ಬೇರೆ ಯಾರದ್ದೋ. ಅಪ್ಪ ಮತ್ತು ಅತ್ತೆ ಒಟ್ಟಿಗೆ "ಅಯ್ಯೋ, ಅಪ್ಪ!" ಎಂದರು.

ಮೊದಲು ಚಿಕ್ಕಪ್ಪನ ಹೊಟ್ಟೆ ಕುಲುಕಿತು. ಆಮೇಲೆ ಹೆಗಲು. ಆಮೇಲೆ ಮೂವತ್ತಮೂರು ವರ್ಷ ಇಡೀ ಪೇಟೆಯ ಒಂದು ತಕ್ಕಡಿಯ ಎದುರಿಗೂ ಹೊರಬಿದ್ದಿರದ ಒಂದು ನಗು ಹೊರಟಿತು ನೋಡಿ, ಮೊದಲ ಸಾಲಿನವರು ಕುರ್ಚಿ ಹಿಂದಕ್ಕೆ ಸರಿಸಿಕೊಂಡರು. ಚಿಕ್ಕಮ್ಮ ಹೆದರಿ ಬೆನ್ನು ನೀವಿದಳು. ಅವರು ಒಂದು ಕೈಯಲ್ಲಿ ಅಜ್ಜಿಯ ಮೊಣಕಾಲು ಹಿಡಿದುಕೊಂಡು, ಇನ್ನೊಂದು ಕೈಯನ್ನು ಸಾಕ್ಷಿಗಳ ಕಡೆ ಬೀಸಿ, "ಉಸ್... ಉಸ್... ನೀರು ಕುಡೀತಿದ್ರಂತೆ!" ಎನ್ನುತ್ತಿದ್ದರು, ಮುಂದೆ ಮಾತು ಹೊರಡುತ್ತಿರಲಿಲ್ಲ. ಸದಸ್ಯರು ಅರ್ಜೆಂಟ್ ಮೀಟಿಂಗ್ ಇದೆಯೆಂದು ಎದ್ದರು. ಅವರ ಹಿಂದೆ ಹೆಡ್‌ಮಾಸ್ತರರು, ಟೈಲರು, ಉಳಿದವರು ಒಬ್ಬೊಬ್ಬರಾಗಿ ಚಪ್ಪಲಿ ಹುಡುಕಿಕೊಂಡರು. ಗುಮಾಸ್ತರು ಮಾತ್ರ ಎರಡು ಫೈಲು ಹಿಡಿದು ಯಾವುದರಲ್ಲಿ ಏನು ಬರೆಯುವುದೆಂದು ತಿಳಿಯದೆ ನಿಂತಿದ್ದರು.

ನಾನು ನಕ್ಕೆ, ಅಪ್ಪ ನಕ್ಕರು, ಅತ್ತೆ ಸೆರಗು ಬಾಯಿಗೆ ತುರುಕಿಕೊಂಡಳು. ನಮ್ಮೆಲ್ಲರದನ್ನು ಸೇರಿಸಿ ಒಂದು ಕಡೆ ಹಾಕಿದರೂ ಚಿಕ್ಕಪ್ಪನದೇ ಹೆಚ್ಚು ತೂಗುತ್ತಿತ್ತು. ಬೀದಿಯ ಕೊನೆಯವರೆಗೂ ಅದು ಕೇಳಿಸುತ್ತಿತ್ತು ಎಂದು ಆಮೇಲೆ ಹಾಲಿನವನು ಹೇಳಿದ. ಇನ್ನೊಬ್ಬ ಸಾಕ್ಷಿಯನ್ನು ಕೇಳಲು ಹೋಗಲಿಲ್ಲ ನಾವು.